ಆಕಳಿಕೆ

"ಟೆನ್ಶನ್ ಮಾಡ್ಬೇಡ, ಎಲ್ಲ ತನ್ನಿಂದ ತಾನೇ ಆಗ್ತದೆ" ಎಂದು ನನಗೆ ಬುದ್ಧಿ ಹೇಳಿದವರನ್ನೆಲ್ಲ ಒಂದು ಬಸ್ಸಿಗೆ ಹತ್ತಿಸಿದರೆ ಮಂಗಳೂರಿನಿಂದ ಉಡುಪಿಯವರೆಗೆ ಅರ್ಧಕ್ಕರ್ಧ ಜನ ನಿಂತೇ ಹೋಗಬೇಕಾದೀತು. ಹೇಳುವವರಿಗೆ ಅದು ಅಕ್ಕರೆ. ಕೇಳುವ ನನಗೆ ಮೈ ಉರಿಯುತ್ತಿತ್ತು. ಮಗು ಆಗದ್ದಕ್ಕೂ ನಾನೇ ಕಾರಣ, ಆಗಲಿಲ್ಲ ಎಂದು ಕೊರಗುವುದಕ್ಕೂ ನಾನೇ ಕಾರಣ, ಕೊರಗಿದ್ದರಿಂದ ಮತ್ತೆ ಆಗದೇ ಹೋದದ್ದಕ್ಕೂ ನಾನೇ. ಯುದ್ಧ ನಡೆಯುವ ಊರುಗಳಲ್ಲಿ ಬಾಂಬಿನ ಸದ್ದಿನ ನಡುವೆಯೂ ಮಕ್ಕಳು ಹುಟ್ಟುತ್ತವಲ್ಲ, ಅಲ್ಲಿಯ ಹೆಂಗಸರಿಗೆ ಟೆನ್ಶನ್ ಇಲ್ಲವೇ?

ನನ್ನ ಹೆಸರು ಶಶಿಪ್ರಭಾ. ಮಂಗಳೂರಿನ ಬಿಜೈಯ ಒಂದು ಖಾಸಗಿ ರೇಡಿಯೋ ಸ್ಟುಡಿಯೋದಲ್ಲಿ ಧ್ವನಿ ಸಂಕಲನ ನನ್ನ ಕೆಲಸ. ಸಂದರ್ಶನಗಳಿಂದ ಕೆಮ್ಮು, ಫ್ಯಾನಿನ ಸದ್ದು, ಹೊರಗಿನ ಹಾರ್ನು ಇವನ್ನೆಲ್ಲ ಅಳಿಸಿ ಮಾತನ್ನು ಮಾತ್ರ ಉಳಿಸುವುದು. ಗಂಡ ದಯಾನಂದ ಬಂದರಿನ ಐಸ್ ಪ್ಲಾಂಟಿನಲ್ಲಿ ಸೂಪರ್‌ವೈಸರ್. ನಮ್ಮ ಜೊತೆ ಅತ್ತೆ ಗುಲಾಬಿ ಇದ್ದಾರೆ. ನಾನು ಎರಡು ಸಲ ಬಸುರಿಯಾಗಿದ್ದೆ, ಎರಡು ಸಲವೂ ಮಗು ನಿಂತಿರಲಿಲ್ಲ.

ಆ ವರ್ಷಗಳಲ್ಲಿ ಊರಿಗೆ ಊರೇ ಹೆರಿಗೆ ಕಡಿಮೆಯಾಗಿತ್ತು. ಅಂಗನವಾಡಿಗಳು ಒಂದೊಂದಾಗಿ ಮುಚ್ಚಿ, ಆ ಕೋಣೆಗಳಲ್ಲಿ ನಿವೃತ್ತರು ಕೇರಂ ಆಡುತ್ತಿದ್ದರು. ಹಾಗಾಗಿ ಯಾರ ಮನೆಯಲ್ಲಾದರೂ ತೊಟ್ಟಿಲು ಶಾಸ್ತ್ರವಿದ್ದರೆ ಮದುವೆಗಿಂತ ಹೆಚ್ಚು ಜನ ಸೇರುತ್ತಿದ್ದರು. ಸೇರಿದವರೆಲ್ಲ ನನ್ನನ್ನು ಕಂಡ ಕೂಡಲೇ ಕೇಳುತ್ತಿದ್ದದ್ದು ಒಂದೇ: "ಮತ್ತೆ, ವಿಶೇಷ ಎಂತಾದ್ರೂ ಉಂಟಾ?" ಬಸುರಿ ಎಂಬ ಮಾತನ್ನು ಬಾಯಿಬಿಟ್ಟು ಹೇಳಲು ನಮ್ಮವರಿಗೆ ನಾಚಿಕೆ. ಅದಕ್ಕೇ 'ವಿಶೇಷ' ಎನ್ನುತ್ತಾರೆ. ಕೇಳುವುದಕ್ಕೆ ಮಾತ್ರ ನಾಚಿಕೆಯಿಲ್ಲ.

ಅತ್ತೆಯೂ ಕೇಳುತ್ತಿದ್ದರು. ಕಾಫಿ ಕೊಡುವಾಗ, ಬಟ್ಟೆ ಮಡಚುವಾಗ, ಏನೋ ಹವಾಮಾನ ವಿಚಾರಿಸಿದ ಹಾಗೆ. ನಾನು ಪಾತ್ರೆ ಕುಕ್ಕುತ್ತಿದ್ದೆ.

ಡಾ. ವಾರಿಜಾ ಕೆಲಸ ಮಾಡುತ್ತಿದ್ದ 'ನಿರಾಳ' ಕೇಂದ್ರಕ್ಕೆ ನಾನು ಹೋದದ್ದು ಹೀಗೆ ಪಾತ್ರೆ ಕುಕ್ಕಿ ಸಾಕಾಗಿ. ಡಾಕ್ಟರ್ ಗೋಡೆಯ ಮೇಲಿನ ಚಿತ್ರ ತೋರಿಸಿ ವಿವರಿಸಿದರು. ಮಿದುಳಿನ ಬುಡದಲ್ಲಿ ಬಾದಾಮಿ ಗಾತ್ರದ ಒಂದು ಜಾಗವಿದೆ. ಗಂಡಾಂತರ ಬಂತು ಎಂದು ಮೈಗೆ ಸುದ್ದಿ ಕಳಿಸುವುದೂ ಅದೇ, ತಿಂಗಳು ತಿಂಗಳು ಅಂಡಾಶಯವನ್ನು ಎಬ್ಬಿಸುವುದೂ ಅದೇ. ಮೊದಲನೆಯ ಕೆಲಸ ಜೋರಾದರೆ ಎರಡನೆಯದು ಹಿಂದೆ ಬೀಳುತ್ತದೆ.

"ಎಲ್ರಿಗೂ ಹಾಗೇ ಆಗ್ತದೆ ಅಂತ ನಾನು ಹೇಳುದಿಲ್ಲ. ಆದ್ರೆ ನಿಮ್ಮ ರಿಪೋರ್ಟಿನಲ್ಲಿ ಬೇರೆ ಯಾವ ತೊಂದರೆಯೂ ಕಾಣ್ಸುದಿಲ್ಲ" ಎಂದರು. "ಸುದ್ದಿ ಆ ಜಾಗಕ್ಕೆ ಮುಟ್ಟುವ ಮೊದಲೇ ನಾವು ತಡೀತೇವೆ."

ತಡೆಯುವುದು ಕಿವಿಯ ಹಿಂದೆ ಚರ್ಮದಡಿ ಇಡುವ ಒಂದು ಬಿಲ್ಲೆ. ಅಂಗಿಯ ಗುಂಡಿಯಷ್ಟೇ ಇರುತ್ತದೆ. ಯಾವ ಸದ್ದಿಗೆ ನಿಮ್ಮ ಮೈ ಬೆಚ್ಚುತ್ತದೆ ಎಂದು ಮೊದಲು ಕಲಿಯುತ್ತದೆ. ಆಮೇಲೆ ಆ ಸದ್ದು ಬಂದಾಗ, ಅದು ಮನಸ್ಸಿಗೆ ಮುಟ್ಟುವ ದಾರಿಯಲ್ಲೇ ಅಳಿಸಿಬಿಡುತ್ತದೆ. ನನಗೆ ನಗು ಬಂತು. ನಾನು ಸ್ಟುಡಿಯೋದಲ್ಲಿ ಮಾಡುವುದೂ ಅದನ್ನೇ. ಬೇಡದ ಸದ್ದಿನ ಒಂದು ತುಣುಕು ಕೊಟ್ಟರೆ ಕಂಪ್ಯೂಟರ್ ಇಡೀ ಧ್ವನಿಯಿಂದ ಅದನ್ನು ಸೋಸಿ ತೆಗೆಯುತ್ತದೆ.

ಬಿಲ್ಲೆಗೆ ಕಲಿಸಲು ನಿಜವಾಗಿ ನೋಯುವ ಜಾಗಕ್ಕೇ ಹೋಗಿ ಬನ್ನಿ ಎಂದರು. ಎಲ್ಲ ಹೆಂಗಸರನ್ನೂ ಅವರು ಕಳಿಸುತ್ತಿದ್ದದ್ದು ಒಂದೇ ಕಡೆ, ಯಾರದ್ದಾದರೂ ತೊಟ್ಟಿಲು ಶಾಸ್ತ್ರಕ್ಕೆ. ನಾನೂ ಬಿಲ್ಲೆ ಹಾಕಿಸಿಕೊಂಡು ದಯಾನಂದನ ಸೋದರಸಂಬಂಧಿಯ ಮನೆಗೆ ಹೋದೆ. ಮರುದಿನ ಡಾಕ್ಟರ ಪರದೆಯ ಮೇಲೆ ನನ್ನ ಆ ಮಧ್ಯಾಹ್ನವೆಲ್ಲ ಗೆರೆಯಾಗಿ ಮೂಡಿತ್ತು, ಅಲ್ಲಲ್ಲಿ ಕೆಂಪು ಕೋಡುಗಳು.

"ಇಲ್ಲಿ ಎಲ್ಲದಕ್ಕಿಂತ ಎತ್ತರ ಹೋಗಿದೆಯಲ್ಲ, ಆಗ ಎಂತ ಆಯ್ತು?"

"ಅತ್ತೆಯ ಚಿಕ್ಕಮ್ಮ ಕೇಳಿದ್ರು, ವಿಶೇಷ ಉಂಟಾ ಅಂತ. ಅದೇ ಹೊತ್ತಿಗೆ ಮಗುವನ್ನು ತೊಟ್ಟಿಲಿಗೆ ಹಾಕ್ತಾ ಇದ್ರು."

"ಹಾಗಾದ್ರೆ ಇದನ್ನೇ ಹಿಡಿಯುವ" ಎಂದು ಡಾಕ್ಟರ್ ಆ ಕೋಡಿನ ಮೇಲೆ ಬೆರಳಿಟ್ಟರು.

ಮೊದಲು ಗೊತ್ತಾದದ್ದು ಕೆಲಸದಲ್ಲಿ. ಬೆಳಗಿನ ಧ್ವನಿಮುದ್ರಿಕೆ ಕೇಳುತ್ತಾ ಕೂತವಳು ಪಕ್ಕದ ಮೇಜಿನ ಲತೀಫನಿಗೆ ಹೇಳಿದೆ, "ಇದು ಹಾಳಾಗಿದೆ ಮಾರಾಯ, ನಡುನಡುವೆ ತೂತು." ಅವನು ಕೇಳಿ ನೋಡಿದ. "ಎಂತ ತೂತು ಮೇಡಂ? ಇಂದಿನ ವಿಶೇಷ ಕಾರ್ಯಕ್ರಮ, ವಿಶೇಷ ಅತಿಥಿ, ಸರಿಯಾಗಿಯೇ ಉಂಟಲ್ಲ?" ಅವನ ತುಟಿ ಆಡಿತು, ನಡುವೆ ಎರಡು ಸಲ ದನಿ ಇಲ್ಲದೆ. ಆ ಪದ ಯಾವುದೆಂದು ಅವನಿಂದ ಬರೆಸಿಕೊಂಡು ಓದಬೇಕಾಯಿತು. ಆಮೇಲೆ ಇಬ್ಬರೂ ಬಿದ್ದು ಬಿದ್ದು ನಕ್ಕೆವು. ನಮ್ಮ ರೇಡಿಯೋದಲ್ಲಿ ಎಲ್ಲವೂ ವಿಶೇಷವೇ. ಸೀರೆ ಅಂಗಡಿಯ ರಿಯಾಯಿತಿಯಿಂದ ಹಿಡಿದು ಭಾನುವಾರದ ಊಟದವರೆಗೆ ನನಗೆ ಎಲ್ಲ ಕಡೆ ತೂತೇ ತೂತು.

ಮನೆಯಲ್ಲಿ ಮಾತ್ರ ಅದು ತಮಾಷೆಯಾಗಿ ಉಳಿಯಲಿಲ್ಲ. ಬಟ್ಟೆ ಮಡಚುತ್ತಾ ಅತ್ತೆ ನನ್ನ ಕಡೆ ತಿರುಗಿ ಏನೋ ಕೇಳಿದರು. ತುಟಿ ಆಡುವುದು ಕಂಡಿತು, ಹುಬ್ಬು ಮೇಲೇರಿದ್ದು ಕಂಡಿತು. ಸದ್ದಿಲ್ಲ. ಮೊದಲು ಒಂದು ಪದ ಅಳಿಸಿಹೋಗುತ್ತಿತ್ತು, ಆಮೇಲೆ ಇಡೀ ವಾಕ್ಯ. ಕೊನೆಗೆ ಅವರು ಒಂದು ಬಗೆಯ ರಾಗದಲ್ಲಿ ಮಾತು ತೆಗೆದರೆ ಸಾಕು, ದನಿಯೇ ಇರುತ್ತಿರಲಿಲ್ಲ. ಅಡುಗೆಮನೆಯಲ್ಲಿ ಒಬ್ಬ ಮುದುಕಿ ಮೂಕಿಯ ಹಾಗೆ ಬಾಯಿ ಆಡಿಸುತ್ತಾ ನನ್ನ ಸುತ್ತ ಓಡಾಡುತ್ತಿದ್ದಳು. ಹೆದರಿಕೆ ಆಗಬೇಕಿತ್ತು, ಆಗಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಬಹಳ ಹಿತವಾಗಿತ್ತು. ನಾನು ಪಾತ್ರೆ ಕುಕ್ಕುವುದು ನಿಂತಿತು. ದಯಾನಂದ ಐಸ್ ಪ್ಲಾಂಟಿನಿಂದ ಬಂದು, "ಮನೆ ಎಂತ ಇಷ್ಟು ತಣ್ಣಗೆ?" ಎಂದು ಕೇಳಿದ.

ಮಳೆಗಾಲ ಮುಗಿಯುವ ಮೊದಲು ನಾನು ಬಸುರಿಯಾದೆ. ಈ ಸಲ ನಿಂತಿತು.

ಐದನೆಯ ತಿಂಗಳ ತಪಾಸಣೆಗೆ ಹೋದಾಗ ಡಾಕ್ಟರ್ ನನ್ನನ್ನು ಒಳಗಿನ ಕೋಣೆಗೆ ಕರೆದೊಯ್ದರು. ಗೋಡೆಯ ತುಂಬ ಒಂದೇ ಪರದೆ, ಅದರಲ್ಲಿ ಒಂದರ ಕೆಳಗೊಂದು ಗೆರೆ. ಒಂದೊಂದು ಗೆರೆ ಬಿಲ್ಲೆ ಹಾಕಿಸಿಕೊಂಡ ಒಬ್ಬೊಬ್ಬಳು. ಒಬ್ಬಳು ಆ ಹೊತ್ತಿಗೆ ಬಸ್ಸಿನಲ್ಲಿದ್ದಿರಬಹುದು, ಒಬ್ಬಳು ಮೇಲಧಿಕಾರಿಯಿಂದ ಬೈಸಿಕೊಳ್ಳುತ್ತಿದ್ದಿರಬಹುದು. ಒಂದು ಗೆರೆಯೂ ಅಲುಗುತ್ತಿರಲಿಲ್ಲ. ಹುಡುಕಿ ನನ್ನ ಗೆರೆಯನ್ನೂ ನೋಡಿದೆ. ಜೀವ ಇರುವವರ ಗೆರೆ ಹೀಗಿರುತ್ತದೆಯೇ ಎಂಬ ಯೋಚನೆ ಬಂತು. ಬಂದ ಹಾಗೆಯೇ ಹೋಯಿತು.

"ಎಲ್ರದ್ದೂ ಚೆನ್ನಾಗಿದೆ. ಮೊದಲನೆಯವರಿಗೆ ಹೆರಿಗೆ ಆಯ್ತು, ಗೊತ್ತುಂಟಾ? ಐರಿನ್ ಲೋಬೊ. ಹೋಗಿ ಮಾತಾಡಿಸಿ ಬನ್ನಿ, ನಿಮಗೂ ಧೈರ್ಯ ಬರ್ತದೆ" ಎಂದರು ಡಾಕ್ಟರ್.

ಬಾಣಂತಿಯನ್ನು ನೋಡಲು ಒಬ್ಬಳೇ ಹೋಗಬಾರದೆಂದು ಅತ್ತೆ ಮಗುವಿಗೆ ಒಂದು ಅಂಗಿ, ಸೋಪು ಹಿಡಿದುಕೊಂಡು ಜೊತೆಗೆ ಹೊರಟರು. ಕಂಕನಾಡಿಯಲ್ಲಿ ಐರಿನ್ ಮನೆ. ಬೆಳಕು ಚೆನ್ನಾಗಿರುವ ಮನೆ, ಬಿಳಿ ಪರದೆಗಳು. ಗಂಡ ಡ್ಯೂಟಿಗೆ ಹೋಗಿದ್ದ. ಐರಿನ್ ನಗುನಗುತ್ತಾ ಬಾಗಿಲು ತೆಗೆದು ನಮ್ಮನ್ನು ಕೂರಿಸಿದಳು. ಅತ್ತೆ ಕೈಕಾಲು ತೊಳೆಯದೆ ಮಗುವನ್ನು ಮುಟ್ಟಬಾರದೆಂದು ಬಚ್ಚಲಿಗೆ ಹೋದರು.

ಮಗು ತೊಟ್ಟಿಲಿನಲ್ಲಿತ್ತು. ಗಂಡು. ಒಳ್ಳೆಯ ಮೈಕಟ್ಟು. ನಾವಿಬ್ಬರೂ ಬಗ್ಗಿ ನೋಡಿದೆವು. ಅವನು ಬಾಯಿ ಅಗಲವಾಗಿ ತೆರೆದ, ಕಣ್ಣು ಮುಚ್ಚಿದ, ಮತ್ತೆ ಬಾಯಿ ತೆರೆದ.

"ನೋಡಿ, ಎಷ್ಟು ಆಕಳಿಸ್ತಾನೆ" ಎಂದಳು ಐರಿನ್. "ಇಡೀ ದಿನ ಹೀಗೇ. ನಿದ್ದೆಯ ಮರಿ."

"ಪಾಪ, ಮುಖ ಎಲ್ಲ ಕೆಂಪಾಗಿದೆ" ಎಂದೆ ನಾನು.

"ಸೆಕೆ ಅಲ್ವಾ? ನನ್ನ ಹಾಗೆ, ಬೆಳ್ಳಗಿನವರಿಗೆ ಬೇಗ ಕೆಂಪಾಗ್ತದೆ."

ಮಗು ಮತ್ತೊಮ್ಮೆ ಆಕಳಿಸಿತು. ಎಷ್ಟು ದೊಡ್ಡ ಆಕಳಿಕೆಯೆಂದರೆ ಪುಟ್ಟ ನಾಲಗೆ ನಡುಗುವುದು ಕಾಣುತ್ತಿತ್ತು. ಮುಷ್ಟಿಗಳು ಬಿಗಿದುಕೊಂಡಿದ್ದವು. ಕಣ್ಣಿನ ತುದಿಯಿಂದ ನೀರು ಇಳಿಯುತ್ತಿತ್ತು. ಆಕಳಿಸುವಾಗ ನಮಗೂ ಕಣ್ಣಲ್ಲಿ ನೀರು ಬರುತ್ತದಲ್ಲ ಎಂದುಕೊಂಡೆ. ಫ್ಯಾನ್ ತಿರುಗುತ್ತಿತ್ತು, ಕೆಳಗೆ ರಸ್ತೆಯಲ್ಲಿ ತರಕಾರಿಯವನು ಕೂಗುತ್ತಿದ್ದ, ಎಲ್ಲವೂ ಸ್ಪಷ್ಟವಾಗಿ ಕೇಳುತ್ತಿತ್ತು. ನಾವು ತೊಟ್ಟಿಲಿನ ಎರಡು ಬದಿಯಲ್ಲಿ ಕೂತು ಬಿಸ್ಕತ್ತು ತಿಂದೆವು.

ಅತ್ತೆ ಬಚ್ಚಲಿನಿಂದ ಒದ್ದೆ ಕೈಯಲ್ಲೇ ಓಡಿಬಂದರು. ನಮ್ಮಿಬ್ಬರ ನಡುವೆ ನುಗ್ಗಿ ಮಗುವನ್ನು ಎತ್ತಿ ಹೆಗಲಿಗೆ ಹಾಕಿಕೊಂಡರು. ನನ್ನ ಕಡೆ ತಿರುಗಿ ಅವರು ಆಡಿದ ಮಾತಿನ ಮೊದಲರ್ಧ ನನಗೆ ಕೇಳಲೇ ಇಲ್ಲ. ಕೊನೆಯದ್ದು ಕೇಳಿತು. "...ಉಸಿರು ಕಟ್ಟುವ ಹಾಗೆ ಕೂಗ್ತಾ ಉಂಟು ಮಗು! ಇಬ್ರೂ ಕೂತು ಹಲ್ಲು ಬಿಡ್ತೀರಲ್ಲ, ನಿಮಗೆ ಕಿವಿ ಉಂಟಾ ಇಲ್ವಾ?"

ಐರಿನ್ ನಗುತ್ತಲೇ ಇದ್ದಳು. "ಅವನು ಅಳುದೇ ಇಲ್ಲ ಆಂಟಿ. ಹುಟ್ಟಿದಾಗಿನಿಂದ ಒಂದ್ಸಲವೂ ಅತ್ತಿಲ್ಲ."

ಅತ್ತೆ ನನ್ನ ಮುಖ ನೋಡಿದರು. ನಾನು ಮಗುವಿನ ಬಾಯಿ ನೋಡಿದೆ. ಅದು ತೆರೆದೇ ಇತ್ತು.

ಬರುವ ಮೊದಲು ನನ್ನ ಫೋನಿನಲ್ಲಿ ಆ ಕೋಣೆಯ ಸದ್ದನ್ನು ಹಿಡಿದುಕೊಂಡೆ. ಸೀದಾ ಸ್ಟುಡಿಯೋಗೆ ಹೋಗಿ ಪರದೆಗೆ ಹಾಕಿದೆ. ಧ್ವನಿಯ ಗೆರೆಗಳನ್ನು ಓದುವುದು ನನಗೆ ಅಕ್ಷರ ಓದಿದಷ್ಟೇ ಸಲೀಸು. ಕೆಳಗೆ ತೆಳ್ಳಗೆ ಹರಿಯುವುದು ಫ್ಯಾನ್. ಅದರ ಮೇಲೆ ಎದ್ದು, ತುದಿ ಮುಟ್ಟಿ, ಕತ್ತರಿಸಿ ಹೋದ ದಪ್ಪ ದಪ್ಪ ಗುಡ್ಡಗಳು. ಹೆಡ್‌ಫೋನ್ ಹಾಕಿದೆ. ಫ್ಯಾನ್ ಕೇಳಿತು. ಸದ್ದು ಏರಿಸಿದೆ. ಫ್ಯಾನ್ ಜೋರಾಯಿತು. ಗುಡ್ಡಗಳು ಕಣ್ಣೆದುರಿಗೇ ಹಾದುಹೋಗುತ್ತಿದ್ದವು, ಕಿವಿಯಲ್ಲಿ ಬರೀ ಗಾಳಿ. ಇನ್ನೂ ಏರಿಸಿದೆ.

ಲತೀಫ್ ಓಡಿಬಂದು ನನ್ನ ತಲೆಯಿಂದ ಹೆಡ್‌ಫೋನ್ ಕಿತ್ತು ತೆಗೆದ. "ಎಂತ ಮಾಡ್ತೀರಿ ಮೇಡಂ! ಕಿವಿ ಒಡೆದು ಹೋಗ್ತದೆ. ಆ ಮೂಲೆಗೇ ಕೇಳ್ತಾ ಉಂಟು ಮಗುವಿನ ಬೊಬ್ಬೆ."

ಡಾಕ್ಟರ್ ವಾರಿಜಾ ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು. ತೊಟ್ಟಿಲು ಶಾಸ್ತ್ರದ ನನ್ನ ಹಳೆಯ ಗೆರೆಯನ್ನು ತೆಗೆದು, ಆ ಎತ್ತರದ ಕೋಡನ್ನು ಬಿಡಿಸಿ ನೋಡಿದರು. ಅದು ಒಂದಲ್ಲ, ಎರಡಿತ್ತು. ಚಿಕ್ಕದು ಚಿಕ್ಕಮ್ಮನ ಪ್ರಶ್ನೆ. ಅದರ ಹಿಂದೆ ಅಡಗಿದ್ದ ದೊಡ್ಡದು, ತೊಟ್ಟಿಲಿಗೆ ಹಾಕಿದಾಗ ಮಗು ಅತ್ತದ್ದು.

"ಯಂತ್ರ ತಪ್ಪು ಕಲಿತಿದೆ" ಎಂದೆ.

"ಇಲ್ಲ" ಎಂದರು ಅವರು. "ಸರಿಯಾಗಿಯೇ ಕಲಿತಿದೆ. ನಿಮಗೆ ಎಲ್ಲದಕ್ಕಿಂತ ಹೆಚ್ಚು ನೋವಾದದ್ದು ಅದೇ ಸದ್ದಿಗೆ. ಎಲ್ರನ್ನೂ ನಾನು ಅಲ್ಲಿಗೇ ಕಳಿಸಿದ್ದು."

ಅದು ನಿಜ. ಅವತ್ತು ಆ ಮಗು ಅತ್ತಾಗ ಎಲ್ಲರೂ ಲಾಲಿ ಹಾಡತೊಡಗಿದ್ದರು, ನಾನು ಕಂಬ ಹಿಡಿದು ನಿಂತಿದ್ದೆ. ಚಿಕ್ಕಮ್ಮನನ್ನು ಬೈದುಕೊಂಡರೆ ಸುಲಭ, ಅದಕ್ಕೇ ಅವರನ್ನು ಬೈದುಕೊಂಡಿದ್ದೆ.

"ಈಗ ತೆಗೆದ್ರೆ?"

"ತಡೆದಿಟ್ಟದ್ದೆಲ್ಲ ಒಮ್ಮೆಲೇ ಬರಬಹುದು. ನಿಮಗೆ ಎರಡು ಸಲ ಹೋಗಿದೆ. ಮಗುವಿಗೆ ಎಂತ ಆಗ್ತದೆ ಅಂತ ನಾನು ಮಾತು ಕೊಡ್ಲಿಕ್ಕೆ ಆಗುದಿಲ್ಲ. ಹೆರಿಗೆವರೆಗೆ ಇಟ್ರೆ ಮಗು ಕ್ಷೇಮ. ಆದ್ರೆ ಅಷ್ಟರಲ್ಲಿ ಮಿದುಳಿಗೇ ಆ ಅಭ್ಯಾಸ ಗಟ್ಟಿ ಆಗ್ತದೆ. ಮತ್ತೆ ಬಿಲ್ಲೆ ತೆಗೆದ್ರೂ ಆ ಸದ್ದು ವಾಪಸ್ ಬರ್ಲಿಕ್ಕಿಲ್ಲ. ಈಗ ತೆಗೆದ್ರೂ ಬರ್ತದೆ ಅಂತ ಖಾತ್ರಿ ಇಲ್ಲ."

ಮನೆಗೆ ಬಂದು ಸೋಫಾದಲ್ಲಿ ಕೂತೆ. ಇದು ಹೆದರಬೇಕಾದ ವಿಷಯ ಎಂದು ನನಗೆ ಗೊತ್ತಿತ್ತು. ಹೊಟ್ಟೆಯ ಮೇಲೆ ಕೈಯಿಟ್ಟು ಹೆದರಲು ಪ್ರಯತ್ನಪಟ್ಟೆ. ಮನಸ್ಸಿನಲ್ಲಿ ಏನೂ ಅಲುಗಲಿಲ್ಲ. ನಾಳೆಯ ಸಾರಿಗೆ ಕೊತ್ತಂಬರಿ ಇದೆಯೇ ಎನ್ನುವಷ್ಟೇ ಹಗುರವಾಗಿ ಆ ಯೋಚನೆ ತಲೆಯಲ್ಲಿ ಕೂತಿತ್ತು. ದಯಾನಂದನಿಗೆ ಹೇಳಿದೆ. ಅವನ ಮುಖ ಬಿಳುಚಿತು. "ಮಗು ಉಳಿಯಲಿ ಶಶಿ. ಕೇಳುದು ಬಿಡುದು ಮತ್ತೆ ನೋಡುವ" ಎಂದ. ಅವನೂ ಎರಡು ಸಲ ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತವನು, ಅವನನ್ನು ದೂರಲಾರೆ.

ನಾನು ಅತ್ತೆಯ ಬಳಿಗೆ ಹೋದೆ. ಅವರು ಬಾಲ್ಕನಿಯಲ್ಲಿ ಕುಚ್ಚಲಕ್ಕಿ ಆರಿಸುತ್ತಿದ್ದರು. ಬಿಲ್ಲೆಯ ವಿಷಯ, ಡಾಕ್ಟರ್ ಹೇಳಿದ್ದು ಎಲ್ಲವನ್ನೂ ತಿಳಿಸಿದೆ.

"ಅತ್ತೆ, ನನಗೆ ಹೆದರಿಕೆ ಆಗುದಿಲ್ಲ. ಆಗದೇ ಇದ್ರೆ ಸರಿಯಾಗಿ ನಿರ್ಧಾರ ಮಾಡ್ಲಿಕ್ಕೂ ಆಗುದಿಲ್ಲ. ನನ್ನ ಬದಲಿಗೆ ನೀವು ಹೆದರಿ ಹೇಳಿ."

ಅವರ ತುಟಿ ಆಡಿತು. ದನಿಯಿಲ್ಲ. ನನಗೆ ಕೇಳುತ್ತಿಲ್ಲವೆಂದು ಅವರಿಗೆ ಅರ್ಥವಾಯಿತು. ಮೊರವನ್ನು ಬದಿಗಿಟ್ಟು, ನನ್ನ ಗಲ್ಲ ಹಿಡಿದು, ನಿಧಾನವಾಗಿ, ಯಾವ ರಾಗವೂ ಇಲ್ಲದೆ, ಅಂಗಡಿಯವನ ಹತ್ತಿರ ಮಾತಾಡಿದ ಹಾಗೆ ಹೇಳಿದರು. "ನನಗೆ ಮೊಮ್ಮಗು ಬೇಕು. ಬೇಕು ಅಂತ ನಿನ್ನ ಜೀವ ತಿಂದಿದ್ದೇನೆ, ಗೊತ್ತುಂಟು. ಆದ್ರೆ ಅವತ್ತು ಆ ಮಗು ಹೇಗೆ ಕೂಗಿತು ಅಂತ ನಿನಗೆ ಗೊತ್ತಿಲ್ಲ, ನನಗೆ ಗೊತ್ತು. ತೆಗೆಸು. ಹೋದ್ರೆ ನಾವಿಬ್ರೂ ಸೇರಿ ಕೂಗುವ."

ಮರುದಿನ ಅತ್ತೆಯ ಜೊತೆ ಹೋಗಿ ಬಿಲ್ಲೆ ತೆಗೆಸಿದೆ. ಆಟೋ ಹತ್ತುವವರೆಗೆ ಏನೂ ಆಗಲಿಲ್ಲ. ರಸ್ತೆಯ ಮೊದಲ ಹಂಪಿನಲ್ಲಿ ಆಟೋ ಕುಲುಕಿದಾಗ ಭಯ ಬಂತು. ಹೋದ ಎರಡು ಮಕ್ಕಳ ಭಯ, ಇದರ ಭಯ, ಐರಿನ್ ಮನೆಯಲ್ಲಿ ತಿಂದ ಬಿಸ್ಕತ್ತಿನ ಭಯ, ಎಲ್ಲ ಒಟ್ಟಿಗೆ ಬಂತು. ನಾನು ಅತ್ತೆಯ ತೊಡೆಯ ಮೇಲೆ ಬಿದ್ದು ಚೀರಿದೆ. ಆಟೋದವನು ಗಾಡಿ ನಿಲ್ಲಿಸಿದ. "ನಿಧಾನ ಹೋಗಿ ಅಣ್ಣ, ಬಸುರಿ ಹುಡುಗಿ" ಎಂದು ಅತ್ತೆ ಹೇಳಿದ್ದು ಒಂದಕ್ಷರ ಬಿಡದೆ ಕೇಳಿತು. ಆಮೇಲಿನ ದಿನಗಳನ್ನು ಹೇಗೆ ಕಳೆದೆನೋ ತಿಳಿಯದು. ರಕ್ತದ ಒಂದು ಕಲೆಗಾಗಿ ದಿನವಿಡೀ ಬಟ್ಟೆ ನೋಡಿಕೊಳ್ಳುತ್ತಿದ್ದೆ. ಮಗು ಮಿಸುಕಿದರೆ ಹೆದರಿಕೆ, ಮಿಸುಕದಿದ್ದರೆ ಇನ್ನೂ ಹೆದರಿಕೆ. ಆದರೆ ಮಗು ಹೋಗಲಿಲ್ಲ. ಹಾಗಿದ್ದರೆ ಟೆನ್ಶನ್ ಬಗ್ಗೆ ಊರೆಲ್ಲ ಹೇಳಿದ್ದು ಸುಳ್ಳೇ, ಬಿಲ್ಲೆಯೇ ಮಗುವನ್ನು ಉಳಿಸಿತ್ತೇ, ಇವತ್ತಿಗೂ ನನಗೆ ಗೊತ್ತಿಲ್ಲ. ಡಾಕ್ಟರಿಗೂ ಗೊತ್ತಿಲ್ಲ.

ಬೇರೆ ಯಾರೂ ತೆಗೆಸಲಿಲ್ಲ. ಐರಿನ್‌ಗೆ ಫೋನ್ ಮಾಡಿದರೆ, "ನನಗೆ ಎಂತ ತೊಂದರೆಯೂ ಇಲ್ಲವಲ್ಲ?" ಎಂದಳು. ಅವಳ ಮಗ ಈಗ ಆಕಳಿಸುವುದನ್ನೂ ಬಿಟ್ಟಿದ್ದನಂತೆ. ಸುಮ್ಮನೆ ಮಲಗಿ ಮೇಲೆ ಮಾಡಿನ ಕಡೆ ನೋಡುತ್ತಾನಂತೆ. ಕರೆದು ಕರೆದು ಯಾರೂ ಬರದಿದ್ದರೆ ಮಕ್ಕಳು ಕರೆಯುವುದನ್ನೇ ಬಿಡುತ್ತವೆ ಎಂದು ಹೇಳಿದೆ. ಅಷ್ಟು ಹೊತ್ತು ಆ ಕಡೆ ಬರೀ ಉಸಿರಾಟ. ನನ್ನ ಮಾತು ಅವಳಿಗೆ ಕೇಳುತ್ತಿರಲಿಲ್ಲ. ಡಾಕ್ಟರ್ ವಾರಿಜಾ ಕೆಲಸ ಬಿಟ್ಟರು, ಕೇಂದ್ರ ಮುಚ್ಚಲಿಲ್ಲ. ಪಂಪ್‌ವೆಲ್ ವೃತ್ತದಲ್ಲಿ ದೊಡ್ಡ ಬೋರ್ಡ್ ಬಂತು: 'ನಿರಾಳ ತಾಯಿ, ಅಳದ ಮಗು.' ಕೆಳಗೆ ಕಣ್ಣು ಅಗಲಿಸಿ ಸುಮ್ಮನಿರುವ ಮಕ್ಕಳ ಚಿತ್ರ. ಕೇಂದ್ರದ ಮುಂದೆ ಕ್ಯೂ ರಸ್ತೆಗೆ ಬಂದಿತ್ತು.

ನನಗೆ ಹೆಣ್ಣು ಮಗು ಹುಟ್ಟಿತು. ನರ್ಸ್ ಅವಳನ್ನು ಎತ್ತಿ ಹಿಡಿದಳು. ಪುಟ್ಟ ಬಾಯಿ ತೆರೆದುಕೊಂಡಿತು. ಟ್ರೇಯಲ್ಲಿ ಕತ್ತರಿ ಬಿದ್ದ ಸದ್ದು ನನಗೆ ಕೇಳಿತು, ಎ.ಸಿ. ಕೇಳಿತು.

"ಕೂಗ್ತಾ ಉಂಟಾ?" ಎಂದು ಕೇಳಿದೆ.

"ಇಡೀ ಆಸ್ಪತ್ರೆಗೆ ಕೇಳ್ತದಲ್ಲ ಅಮ್ಮ!" ಎಂದು ನರ್ಸ್ ನಕ್ಕಳು.

ನಾನು ಅತ್ತುಬಿಟ್ಟೆ. ಎಷ್ಟು ಅತ್ತೆನೆಂದರೆ ನರ್ಸಿನ ನಗು ನಿಂತಿತು. ಬಿಲ್ಲೆ ತೆಗೆಸುವ ಹೊತ್ತಿಗೇ ತಡವಾಗಿ ಹೋಗಿತ್ತು.

ಮನೆಯಲ್ಲಿ ಅತ್ತೆಯೇ ನನ್ನ ಕಿವಿಯಾದರು. ಎಲ್ಲಿದ್ದರೂ "ಶಶೀ, ಕೂಗ್ತಾ ಉಂಟು!" ಎನ್ನುತ್ತಿದ್ದರು, ನಾನು ಓಡುತ್ತಿದ್ದೆ. ಮಗು ಕೂಗಿದರೆ ದೀಪ ಹತ್ತುವ ಒಂದು ಯಂತ್ರವನ್ನು ತೊಟ್ಟಿಲಿಗೆ ಕಟ್ಟಿಸುವ ಎಂದ ದಯಾನಂದ. ಈ ಮನೆಗೆ ಇನ್ನೊಂದು ಯಂತ್ರ ಬೇಡವೆಂದರು ಅತ್ತೆ. ಅವರು ಇಲ್ಲದ ಹೊತ್ತಿನಲ್ಲಿ ನಾನು ತೊಟ್ಟಿಲು ಬಿಟ್ಟು ಏಳುತ್ತಲೇ ಇರಲಿಲ್ಲ. ಮಗುವಿನ ಬಾಯಿಯನ್ನೇ ನೋಡುತ್ತಾ ಕೂತಿರುತ್ತಿದ್ದೆ. ಕಣ್ಣು ಮುಚ್ಚಲು ಹೆದರಿಕೆ. ನಾನೊಬ್ಬಳು ಕಾವಲುಗಾರ್ತಿ, ತಾಯಿಯಲ್ಲ ಅನಿಸುತ್ತಿತ್ತು.

ಒಂದು ಬೆಳಿಗ್ಗೆ ಅತ್ತೆ ಕೆಳಗೆ ಮೀನಿನವಳ ಹತ್ತಿರ ಹೋಗಿದ್ದರು. ಮಗು ಗಾಢ ನಿದ್ದೆಯಲ್ಲಿತ್ತು. ಒಲೆಯ ಮೇಲೆ ಗಂಜಿ ಉಕ್ಕುತ್ತಿದೆ ಎಂದು ಒಂದು ಗಳಿಗೆಗೆ ಎದ್ದು ಅಡುಗೆಮನೆಗೆ ಹೋದೆ. ಅಲ್ಲಿ ಒಲೆ ಒರೆಸುತ್ತಾ ನಿಂತುಬಿಟ್ಟೆ. ಮನೆ ನಿಶ್ಶಬ್ದವಾಗಿತ್ತು. ಪಕ್ಕದ ಮನೆಯ ಮಿಕ್ಸಿ ಒಂದೇ ಕೇಳುತ್ತಿತ್ತು.

ಎದೆಯಲ್ಲಿ ಸುರ್ರೆಂದು ಏನೋ ಇಳಿದಂತಾಯಿತು. ನೋಡಿದರೆ ರವಿಕೆ ಒದ್ದೆ. ಹಾಲು ತಾನೇ ತಾನಾಗಿ ಸುರಿಯುತ್ತಿತ್ತು, ಒತ್ತಿ ಹಿಡಿದರೂ ನಿಲ್ಲಲಿಲ್ಲ. ಹಾಲು ಕುಡಿಸುವ ಹೊತ್ತು ಅದಾಗಿರಲಿಲ್ಲ. ಮಿಕ್ಸಿ ನಿಂತಿತು. ಮತ್ತೂ ಏನೂ ಕೇಳಲಿಲ್ಲ. ನನ್ನ ಕಾಲು ಮಾತ್ರ ಆಗಲೇ ಓಡುತ್ತಿತ್ತು.

ತೊಟ್ಟಿಲಿನಲ್ಲಿ ಅವಳು ಬಾಯಿ ಅಗಲಿಸಿ, ಮುಷ್ಟಿ ಬಿಗಿದು ಮಲಗಿದ್ದಳು. ಎತ್ತಿ ಎದೆಗೆ ಹಿಡಿದೆ. ಗಬಕ್ಕನೆ ಕಚ್ಚಿಕೊಂಡಳು.

ಅತ್ತೆ ಮೆಟ್ಟಿಲು ಹತ್ತಿ ಓಡಿಬಂದರು. ಕೈಯಲ್ಲಿ ಬಂಗುಡೆಯ ಚೀಲ, ಏದುಸಿರು. ಬಾಗಿಲಲ್ಲೇ ನಿಂತು ನಮ್ಮಿಬ್ಬರನ್ನು ನೋಡಿದರು.

"ಕೆಳಗಿನವರೆಗೆ ಕೇಳ್ತಿತ್ತು ಇವಳ ಬೊಬ್ಬೆ. ನಿನಗೆ ಕೇಳಿತಾ ಮಗಾ?"

"ಇಲ್ಲ ಅತ್ತೆ."

"ಮತ್ತೆ ಯಾರು ಹೇಳಿದ್ದು ನಿನಗೆ?"

ನಾನು ಸೆರಗು ಸರಿಸಿ ಒದ್ದೆಯಾದ ರವಿಕೆ ತೋರಿಸಿದೆ. ಅತ್ತೆ ಚೀಲವನ್ನು ಅಲ್ಲೇ ಬಿಟ್ಟು ನೆಲದ ಮೇಲೆ ಕುಸಿದು ಕೂತರು. ಬಾಯಿಗೆ ಸೆರಗು ಒತ್ತಿಕೊಂಡು ಬಿಕ್ಕಿ ಬಿಕ್ಕಿ ಅಳತೊಡಗಿದರು. ಅವರು ಅಳುವುದು ನನಗೆ ಚೆನ್ನಾಗಿ ಕೇಳುತ್ತಿತ್ತು.